ರೊಟ್ಟಿ ಮೀನು ಕಪ್ಪಾದ ದಿನ

ನಾನು ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ, ನನ್ನ ಅಂಗಡಿಗೆ ರಿಪೇರಿಗೆ ಬಂದು ಕೂತಿರುವ ಈ ಹದಿನೇಳು ಮಿಕ್ಸಿಗಳೂ ಒಟ್ಟಿಗೆ ತಿರುಗಿ ನನ್ನ ಮೇಲೆ ಬೀಳಲಿ. ನೋಡಿದಿರಾ, ಒಂದೂ ಅಲುಗಲಿಲ್ಲ. ನೀವು ಪರ ಊರಿನವರು, ರೊಟ್ಟಿ ಮೀನಿನ ಮರಿ ಬೇಕೆಂದು ಬಂದಿದ್ದೀರಿ, ಟೀಚರು ಶಾಲೆಯಿಂದ ಬರುವುದು ನಾಲ್ಕೂವರೆಗೆ. ಅಲ್ಲಿಯವರೆಗೆ ಈ ಸ್ಟೂಲಿನ ಮೇಲೆ ಕೂತುಕೊಳ್ಳಿ. ಆ ನಿಮ್ಮ ನೀರಿನ ಡಬ್ಬದ ಮುಚ್ಚಳ ಮಾತ್ರ ಬಿಗಿ ಮಾಡಿಕೊಳ್ಳಿ. ಇಲ್ಲದಿದ್ದರೆ ಮನೆಗೆ ಹೋಗಿ ಕೈ ಅದ್ದಿದಾಗ ಇಡೀ ಕಥೆಯನ್ನು ಎರಡನೇ ಸಲ ಕೇಳಬೇಕಾಗುತ್ತದೆ.

ನಮ್ಮೂರಿನ ನೀರಿನ ಸಂಗತಿ ನಿಮಗೆ ಆಗಲೇ ಗೊತ್ತಾಗಿರಬೇಕು. ಬಸ್ ಸ್ಟ್ಯಾಂಡಿನ ತೊಟ್ಟಿಯಲ್ಲಿ ಮುಖ ತೊಳೆದಿರಿ ತಾನೆ? ಹಾಗಿದ್ದರೆ ಇಬ್ಬರು ಕಂಡಕ್ಟರುಗಳ ಜಗಳ ಕೇಳಿರುತ್ತೀರಿ. ಅದು ಮೊನ್ನೆಯದು. ತೆರೆದ ನೀರಿನ ಎದುರು ಏನು ಆಡಿದರೂ ಅದು ನೀರಿನಲ್ಲಿ ಉಳಿದುಬಿಡುತ್ತದೆ, ಆಮೇಲೆ ಕೈ ಅದ್ದಿದವರಿಗೆ ಕೇಳಿಸುತ್ತದೆ, ಅಷ್ಟೇ. ಕುದಿಸಿದರೆ ಹೋಗುತ್ತದೆ. ಇಲ್ಲಿ ಹೊಸ ಸೊಸೆಗೆ ಅತ್ತೆ ಮೊದಲು ಕಲಿಸುವುದು ಅಕ್ಕಿ ತೊಳೆಯುವಾಗ ಬಾಯಿ ಮುಚ್ಚಿಕೊಳ್ಳುವುದನ್ನು. ಪಾತ್ರೆ ತೊಳೆಯುವ ಹೆಂಗಸರಿಗೆ ಎಲ್ಲರ ಮನೆಯ ಗುಟ್ಟೂ ಬಾಯಿಪಾಠ, ಹಾಗಾಗಿ ಹಬ್ಬಕ್ಕೆ ಅವರಿಗೆ ಸೀರೆ ತಪ್ಪಿದ್ದೇ ಇಲ್ಲ. ಪುರಸಭೆಯವರು ಕೆರೆ ದಂಡೆಯ ಮೇಲೆ ಭಾಷಣ ಮಾಡುವುದನ್ನು ನಿಲ್ಲಿಸಿದ್ದು ಊರಿನ ಎಮ್ಮೆಗಳು ಕೆರೆಗೆ ಇಳಿಯಲು ಒಪ್ಪದೆ ಹೋದ ಮೇಲೆ.

ಮಾತಿಲ್ಲದ ನೀರು ಬೇಕೆಂದರೆ ಸುಮ್ಮನಬಾವಿಗೆ ಹೋಗಬೇಕು. ಇಲ್ಲಿಂದ ಮುನ್ನೂರು ಹೆಜ್ಜೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಅದರ ಮುಚ್ಚಳ ತೆರೆಯುತ್ತಾರೆ. ಕಟ್ಟೆಯ ಮೇಲೆ ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಇಟ್ಟಿರುತ್ತಾರೆ. ಒಂದು ಬೀಜವನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿಕೊಂಡು ನೀರು ಸೇದಬೇಕು, ಹಾಗೆಯೇ ಕಚ್ಚಿಕೊಂಡು ಮನೆಯವರೆಗೆ ಹೊರಬೇಕು, ಹೊಸ್ತಿಲಲ್ಲಿ ಉಗಿಯಬೇಕು. ಬೀಜ ಹಲ್ಲಲ್ಲಿದ್ದವನನ್ನು ಯಾರೂ ಮಾತಾಡಿಸುವುದಿಲ್ಲ, ಸಾಲ ಕೊಟ್ಟವನೂ ಮಾತಾಡಿಸುವುದಿಲ್ಲ. ನಾನು ಮಾತ್ರ ಬೀಜವನ್ನು ದವಡೆಗೆ ತಳ್ಳಿಕೊಂಡು ಮಾತಾಡುವ ವಿದ್ಯೆ ಕಲಿತಿದ್ದೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ಇಡೀ ಊರಿನಲ್ಲಿ ಅದು ನನ್ನೊಬ್ಬನಿಗೇ ಬರುತ್ತಿತ್ತು.

ಅಂಬುಜಾಕ್ಷಿ ಟೀಚರು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಇದೇ ಗೋಡೆಯ ಆಚೆಗೆ ಅವರ ಮನೆ. ಮಾತು ಕಡಿಮೆ. ಇಪ್ಪತ್ತು ವರ್ಷದಿಂದ ಒಂಟಿಯಾಗಿಯೇ ಇದ್ದವರು ಒಂದು ದಿನ ಎರಡು ರೊಟ್ಟಿ ಮೀನು ತಂದರು. ಪುಸ್ತಕದಲ್ಲಿ ಅದರ ಹೆಸರು ಡಿಸ್ಕಸ್. ಜೋಳದ ರೊಟ್ಟಿಯ ಹಾಗೆ ದುಂಡಗೆ, ಚಪ್ಪಟೆ, ಕೆಂಪು ಮೈಯ ಮೇಲೆ ನೀಲಿ ಗೆರೆ. ಅಂಥ ನಾಜೂಕಿನ ಪ್ರಾಣಿಯನ್ನು ನಾನು ನೋಡಿಲ್ಲ. ನೀರು ಇಪ್ಪತ್ತೊಂಬತ್ತು ಡಿಗ್ರಿ ಇರಬೇಕು, ಇಪ್ಪತ್ತೇಳಾದರೆ ಊಟ ಬಿಡುತ್ತದೆ. ಗಡಸು ನೀರು ಆಗದು, ನಲ್ಲಿ ನೀರು ಆಗದು, ದಿನವೂ ಮೂರರಲ್ಲಿ ಒಂದು ಪಾಲು ಬದಲಿಸಬೇಕು. ಬಾಗಿಲು ಬಡಿದರೆ ಮೂಲೆ ಸೇರುತ್ತದೆ. ನಮ್ಮೂರಿನಲ್ಲಿ ಇನ್ನೂ ಒಂದು ಸೇರಿತು: ಕೆಟ್ಟ ಮಾತು ಕೇಳಿದ ನೀರಾದರೆ ಮೈ ಕಪ್ಪಗಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಹೆಡ್‌ಮಾಸ್ಟರ ಮನೆಯಲ್ಲಿ ಒಂದು ಜೊತೆ ಇತ್ತು. ಶಿಕ್ಷಕರ ಸಭೆಯನ್ನು ಅವರು ಮನೆಯಲ್ಲೇ ನಡೆಸಿದರು. ಸಂಜೆಗೆ ಎರಡೂ ಇದ್ದಿಲಾಗಿದ್ದವು.

ಟೀಚರಿಗೆ ದಿನಕ್ಕೆರಡು ಬಿಂದಿಗೆ ನೀರು ಹೊರುವುದು ಕಷ್ಟ ಎಂದು ಒಂದು ಬಿಂದಿಗೆ ನಾನು ತರುತ್ತೇನೆಂದೆ. ಅವರು ಸ್ವಲ್ಪ ಯೋಚಿಸಿ, "ತನ್ನಿ. ಆದ್ರೆ ಮುಚ್ಚಳ ಹಾಕ್ಬೇಡಿ. ಗಾಳಿ ಆಡ್ದಿದ್ರೆ ನೀರು ಸತ್ತೋಗತ್ತೆ, ಮೀನಿಗೆ ಆಗಲ್ಲ" ಎಂದರು. ಹಾಗೆ ಆರು ವರ್ಷ ತಂದೆ. ಹೊಸ್ತಿಲ ಹತ್ತಿರ ಇಡುತ್ತಿದ್ದೆ, ಅವರು ಒಳಗೆ ಒಯ್ಯುತ್ತಿದ್ದರು. ಆ ಆರು ವರ್ಷದಲ್ಲಿ ಅವರ ಹಿತ್ತಿಲ ಕರಿಬೇವಿನ ಗಿಡ ಯಾಕೋ ಮನೆಯ ಮಾಡು ದಾಟಿ ಬೆಳೆಯಿತು. ಅದರ ಸೊಪ್ಪು ಹಾಕಿದ ಸಾರು ಉಂಡರೆ ನಗು ಬರುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ.

ಮೀನುಗಳು ಮೊಟ್ಟೆ ಇಡುತ್ತಿದ್ದವು. ಗಾಜಿನ ತೊಟ್ಟಿಯ ಮಧ್ಯೆ ಟೀಚರು ಒಂದು ಮಣ್ಣಿನ ಹೂಜಿ ಬೋರಲು ಹಾಕಿದ್ದರು, ಅದರ ಮೇಲೆ ಸಾಲುಸಾಲಾಗಿ, ಸಾಬಕ್ಕಿ ಅಂಟಿಸಿದ ಹಾಗೆ. ಮೂರನೇ ದಿನಕ್ಕೆ ಗಂಡೋ ಹೆಣ್ಣೋ ಎಲ್ಲವನ್ನೂ ತಿಂದುಬಿಡುತ್ತಿತ್ತು. ಒಂದಲ್ಲ, ಎರಡಲ್ಲ, ಪ್ರತಿ ಸಲ. ಪ್ರತಿ ಸಲವೂ ಟೀಚರು ಎರಡು ದಿನ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನನಗೆ ಮಾತ್ರ ಕಾರಣ ಗೊತ್ತಿತ್ತು. ಆ ಮುನ್ನೂರು ಹೆಜ್ಜೆ ನಾನು ಬಾಯಿ ಮುಚ್ಚಿಕೊಂಡು ನಡೆದದ್ದು ಒಂದು ದಿನವೂ ಇಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಏನಾದರೂ ಒಂದು ಕಟ್ಟಿ ಹೇಳುತ್ತಿದ್ದೆ. ಯಾರೂ ಸಿಗದಿದ್ದರೆ ಬಿಂದಿಗೆಗೇ ಹೇಳುತ್ತಿದ್ದೆ.

ಹೋದ ವರ್ಷ ಟೀಚರ ಕಣ್ಣಿಗೆ ಪೊರೆ ಬಂತು. ಆಪರೇಶನ್ನಿಗೆ ಅವರ ಅಕ್ಕನ ಊರಿಗೆ ಹೋಗಬೇಕು, ಹನ್ನೆರಡು ದಿನ. ಮೀನು ನೋಡಿಕೊಳ್ಳುವವರು ಯಾರು? ತೊಟ್ಟಿಯ ನೀರು ಬೆಚ್ಚಗಿಡುವ ಹೀಟರು ಕೆಟ್ಟರೆ ಸರಿಮಾಡಬಲ್ಲವನು ನಾನೊಬ್ಬನೇ ಎಂದು ನನ್ನನ್ನು ಕರೆದರು. ನಾಲ್ಕು ಪುಟ ಬರೆದಿಟ್ಟಿದ್ದರು, ಇಪ್ಪತ್ತನಾಲ್ಕು ನಿಯಮ.

"ಪೂರ್ತಿ ಓದಿ" ಎಂದರು.

"ಓದ್ತೀನಿ ಟೀಚರ್."

"ಈ ಟೇಬಲ್ ಅಲ್ಲಾಡಿಸ್ಬೇಡಿ, ಒಂದು ಕಾಲು ಗಿಡ್ಡ. ಫ್ರೀಜರಲ್ಲಿ ಬಟಾಣಿ ಪಕ್ಕ ಹುಳ ಇದೆ. ಬಟಾಣಿ ನನ್ನದು, ಹುಳ ಅವುಗಳದ್ದು. ಅದಲುಬದಲು ಮಾಡ್ಬೇಡಿ." ಆಮೇಲೆ ಮೀನಿನ ಊಟದ ಡಬ್ಬಿಯ ಕೆಳಗಿಂದ ಒಂದು ಕಾಗದ ತೆಗೆದು ತೋರಿಸಿದರು. "ಇದು ಟ್ರಾನ್ಸ್‌ಫರ್ ಅರ್ಜಿ. ಅಕ್ಕನ ಊರಲ್ಲಿ ಪೋಸ್ಟು ಖಾಲಿ ಇದೆ. ಇವತ್ತೋ ನಾಳೆಯೋ ಇವು ಮತ್ತೆ ಮೊಟ್ಟೆ ಇಡ್ತವೆ. ಈ ಸಲವೂ ತಿಂದ್ವು ಅಂದ್ರೆ, ಬಂದ ಮೇಲೆ ಕಳಿಸಿಬಿಡ್ತೀನಿ. ಸಾಕಾಗಿದೆ ತಿಪ್ಪೇಶಿ. ಇಲ್ಲಿ ನನಗೆ ಇರೋದಾದ್ರೂ ಏನು?"

ಅದಕ್ಕೆ ನಾನು ಉತ್ತರ ಹೇಳಬೇಕಿತ್ತು. "ಬಟಾಣಿ ಮುಟ್ಟಲ್ಲ ಟೀಚರ್" ಎಂದೆ.

ಅವರು ಹೋದ ಮರುದಿನವೇ ಮೀನುಗಳು ಮೊಟ್ಟೆ ಇಟ್ಟವು. ಅವತ್ತಿನಿಂದ ನಾನು ಬೀಜವನ್ನು ನಿಜವಾಗಿ ಹಲ್ಲಲ್ಲಿ ಕಚ್ಚಿದೆ. ಬಾವಿಯಿಂದ ಮನೆಗೆ ಮಾತ್ರವಲ್ಲ, ಅಂಗಡಿಯಲ್ಲೂ ಬಾಯಿ ಬಿಡಲಿಲ್ಲ, ಒಮ್ಮೆ ಬಿಟ್ಟರೆ ನಿಲ್ಲುವುದಿಲ್ಲವೆಂಬ ಹೆದರಿಕೆ. ಮೂರನೇ ದಿನಕ್ಕೆ ಊರಿನಲ್ಲಿ ಸುದ್ದಿಯಾಯಿತು. ನನಗೆ ಪಾರ್ಶ್ವವಾಯು ಎಂದು ಒಬ್ಬರು, ಸನ್ಯಾಸ ಎಂದು ಇನ್ನೊಬ್ಬರು. ಮಿಕ್ಸಿ ಕೊಡಲು ಬಂದವರು ಅರ್ಧ ಗಂಟೆ ಕಾದು, ನಾನು ಏನೂ ಹೇಳದಿದ್ದಾಗ, ಬೇಜಾರಾಗಿ ಕೆಡದ ಮಿಕ್ಸಿಯನ್ನು ವಾಪಸ್ಸು ಒಯ್ದರು. ಆಗಲೇ ನನಗೆ ಗೊತ್ತಾಗಿದ್ದು, ಅವರಲ್ಲಿ ಅರ್ಧ ಜನ ಯಾಕೆ ಬರುತ್ತಿದ್ದರೆಂದು.

ಮೊಟ್ಟೆಗಳು ಉಳಿದವು. ಐದನೇ ದಿನ ಒಡೆದು, ಹೂಜಿಯ ಮೇಲೆ ಸಣ್ಣ ಬಾಲಗಳು ಅಲ್ಲಾಡತೊಡಗಿದವು. ಇಷ್ಟು ದೂರ ಅವು ಯಾವತ್ತೂ ಬಂದಿರಲಿಲ್ಲ. ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ಬಾಯಿ ಇರಲಿಲ್ಲ, ನೋಡಿ. ಅಲ್ಲೇ ಕೆಟ್ಟದ್ದು.

ಏಳನೇ ದಿನ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇತ್ತು. ತುಂಬಿದ ಬಿಂದಿಗೆ ಹೊತ್ತು ಬರುತ್ತಿದ್ದೇನೆ, ಚಹಾ ಅಂಗಡಿಯ ಹನೀಫಣ್ಣ ಅಡ್ಡ ನಿಂತ. ಅವನಿಗೆ ನನ್ನ ಸ್ಥಿತಿ ನೋಡಲಾಗುತ್ತಿರಲಿಲ್ಲ.

"ಯಾಕೋ ತಿಪ್ಪೇಶಿ, ಹಿಂಗೆ ಬತ್ತೋಗಿದ್ದೀಯ? ನೀನಿಲ್ದೆ ನನ್ನ ಅಂಗ್ಡೀಲಿ ಚಾ ಆರೋಗ್ತಿದೆ ಕಣಯ್ಯ. ಒಂದೇ ಒಂದು ಹೇಳು. ಸಣ್ಣದು. ಆ ಮೀನು ಅಷ್ಟು ತೆಳ್ಳಗಂತೆ, ಹೌದಾ?"

ಅಷ್ಟು ತೆಳ್ಳಗೋ ಎಂದು ಕೇಳಿಬಿಟ್ಟ! ಆರು ದಿನದಿಂದ ಗಂಟಲಿನಲ್ಲಿ ತುಂಬಿಕೊಂಡಿದ್ದದ್ದು ನುಗ್ಗಿತು. ಬೀಜ ಉಗಿದೆ. ಆ ಮೀನು ನೇರ ನಮ್ಮ ಕಡೆ ತಿರುಗಿದರೆ ಕಾಣುವುದೇ ಇಲ್ಲವೆಂದೆ. ಟೀಚರು ಅದನ್ನು ತರಿಸಿದ್ದು ಲಕೋಟೆಯಲ್ಲಿ, ಪೋಸ್ಟ್‌ಮ್ಯಾನ್ ಬಾಗಿಲ ಸಂದಿಯಿಂದ ತೂರಿಸಿ ಹೋದನೆಂದೆ. ಗಂಡಿನ ಮೈಮೇಲೆ ಇನ್ನೂ ಅಂಚೆ ಮುದ್ರೆ ಇದೆ, ಊರಿನ ಹೆಸರು ಓದಬಹುದು ಎಂದೆ. ಹನೀಫಣ್ಣ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ಪ್ರಾಣ ಬಂತು. ಆಮೇಲೆ ಬಿಂದಿಗೆ ನೋಡಿಕೊಂಡೆ. ಬಾವಿಗೆ ಓಡಿದೆ, ಮುಚ್ಚಳಕ್ಕೆ ಬೀಗ ಬಿದ್ದಿತ್ತು. ತೊಟ್ಟಿಯ ನೀರು ಬದಲಿಸದೆ ಬಿಡುವಂತಿಲ್ಲ, ನಾಲ್ಕನೇ ನಿಯಮ. ಅದೇ ನೀರು ಹಾಕಿದೆ.

ಮರುದಿನ ಮಧ್ಯಾಹ್ನ ಹುಳ ಹಾಕಲು ಹೋಗಿ ನೋಡುತ್ತೇನೆ: ಎರಡೂ ಮೀನು ಕಪ್ಪು. ಕಾವಲಿಯ ತಳದ ಹಾಗೆ ಕಪ್ಪು. ಕೆಂಪಿಲ್ಲ, ನೀಲಿ ಗೆರೆ ಇಲ್ಲ. ಹೂಜಿಯ ಮೇಲೆ ಒಂದು ಬಾಲವೂ ಇಲ್ಲ, ತೊಳೆದಿಟ್ಟ ಹಾಗಿತ್ತು.

ತಿಂದುಬಿಟ್ಟಿವೆ ಎಂದುಕೊಂಡೆ. ಮೀನಿನ ಡಬ್ಬಿಯ ಕೆಳಗಿದ್ದ ಅರ್ಜಿ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತೆ. ಸುಳ್ಳು ಮಾತಿನಿಂದ ಕಪ್ಪಾಗಿದ್ದರೆ ನಿಜ ಹೇಳಿ ನೋಡೋಣ ಎಂದು ಬುದ್ಧಿ ಹೇಳಿತು. ಐವತ್ತೆರಡು ವರ್ಷದಲ್ಲಿ ಅಭ್ಯಾಸ ಇಲ್ಲದ ಕೆಲಸ. ಶುರು ಮಾಡಲಿಕ್ಕೇ ಹತ್ತು ನಿಮಿಷ ಹಿಡಿಯಿತು.

"ನೋಡ್ರಪ್ಪಾ," ಎಂದೆ, "ಈ ಏಳು ಸಲವೂ ನಿಮ್ಮ ಮೊಟ್ಟೆ ಹಾಳಾಗಿದ್ದು ನನ್ನಿಂದ. ನಾನು ತಂದ ನೀರೆಲ್ಲ ಮಾತಿನ ನೀರು. ಟೀಚರ್ ನನ್ನ ನಂಬಿದ್ರು. ಅವರ ಹೀಟರ್ ತಿಂಗಳಿಗೊಂದ್ಸಲ ಕೆಡೋದೂ ನನ್ನಿಂದಲೇ, ಒಂದು ಸ್ಕ್ರೂ ಸಡಿಲ ಬಿಟ್ಟೇ ಕಳಿಸ್ತಿದ್ದೆ. ಅದು ಕೆಟ್ರೆ ಅವ್ರು ಅಂಗಡಿಗೆ ಬರ್ತಾರೆ, ಬಂದ್ರೆ ಆ ಸ್ಟೂಲ್ ಮೇಲೆ ಕಾಲು ಗಂಟೆ ಕೂರ್ತಾರೆ. ಅವ್ರು ನಗೋದಿಲ್ಲ. ಆದ್ರೆ ಹೋಗೋವಾಗ ಬಾಗಿಲ ಹತ್ರ ಒಂದ್ಸಲ ನಿಲ್ತಾರೆ. ಊರಿಗೆಲ್ಲ ಹೇಳೋ ಸುಳ್ಳು ನಾನು ಅವ್ರ ಮೇಲೆ ಮೊದ್ಲು ಪ್ರಯೋಗ ಮಾಡೋದು. ಅವ್ರು ಹೋಗಿಬಿಟ್ರೆ ನಾನು ಯಾರಿಗೆ ಹೇಳ್ಲಿ? ಇಲ್ಲಿ ಏನಿದೆ ಅಂದ್ರು. ನಾನಿದ್ದೀನಿ ಅನ್ಬೇಕಿತ್ತು. ಬಟಾಣಿ ಅಂದೆ."

ಹೇಳಿ ಮುಗಿಸಿ, ಮೂಗು ಒರೆಸಿಕೊಂಡು ನೋಡಿದರೆ ಮೀನುಗಳು ಕಪ್ಪಾಗಿಯೇ ಇವೆ. ಆಗ ತಲೆಗೆ ಹೊಳೆಯಿತು, ನಾನು ಇದನ್ನೆಲ್ಲ ಎಲ್ಲಿ ಹೇಳಿದೆನೆಂದು. ಮುಚ್ಚಳ ತೆರೆದ ತೊಟ್ಟಿಯ ಮುಂದೆ! ಟೀಚರು ಬಂದು ಕೈ ಅದ್ದಿದರೆ ಸ್ಕ್ರೂ ಸಮೇತ ಎಲ್ಲ ಹೊರಗೆ. ನೀರು ಪೂರ್ತಿ ತೆಗೆಯಬೇಕು, ಈಗಲೇ. ರಬ್ಬರ್ ಪೈಪು ತಂದೆ. ಒಂದು ತುದಿ ತೊಟ್ಟಿಗೆ ಇಳಿಸಿ ಇನ್ನೊಂದು ತುದಿ ಬಾಯಿಗಿಟ್ಟು ಎಳೆಯಬೇಕು, ಅಷ್ಟರಲ್ಲಿ ಹೆಣ್ಣು ಮೀನು ಗಾಜಿನ ಹತ್ತಿರ ಬಂತು. ಅದರ ಕಪ್ಪು ಮೈಮೇಲೆ ಎಳ್ಳು ಚೆಲ್ಲಿದ ಹಾಗೆ ಏನೋ. ಕನ್ನಡಕ ಒರೆಸಿ ನೋಡಿದೆ. ಎಳ್ಳಿಗೆ ಕಣ್ಣಿತ್ತು.

ಮರಿಗಳು, ಸ್ವಾಮಿ. ಹತ್ತಾರು ಮರಿಗಳು. ತಾಯಿಯ ಮೈಗೆ ಅಂಟಿಕೊಂಡು, ಮೈಯ ಲೋಳೆಯನ್ನು ಹಾಲಿನ ಹಾಗೆ ಚೀಪುತ್ತಿದ್ದವು. ಸ್ವಲ್ಪ ಹೊತ್ತಿಗೆ ಗಂಡು ಪಕ್ಕಕ್ಕೆ ಬಂತು, ತಾಯಿ ಒಮ್ಮೆ ಮೈ ಕೊಡವಿತು, ಇಡೀ ಹಿಂಡು ಹಾರಿ ಅಪ್ಪನ ಮೈಗೆ ಹತ್ತಿತು. ನೂಲಿನ ತುದಿಯಷ್ಟು ಮರಿಗಳು. ಪೈಪು ಎಳೆದಿದ್ದರೆ ನೀರಿನ ಜೊತೆಗೆ ಅವೂ ಹೋಗುತ್ತಿದ್ದವು, ನೀರೆಲ್ಲ ಒಮ್ಮೆಗೇ ಬದಲಿಸಿದರೆ ದೊಡ್ಡವೂ ಉಳಿಯುತ್ತಿರಲಿಲ್ಲ.

ಬಾಯಲ್ಲಿ ಪೈಪು ಇಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ನನ್ನ ಮರ್ಯಾದೆ ಒಂದು ಕಡೆ, ಎಳ್ಳುಕಾಳುಗಳು ಒಂದು ಕಡೆ. ಕೊನೆಗೆ ಪೈಪು ಸುತ್ತಿ ಮೊಳೆಗೆ ನೇತುಹಾಕಿದೆ. ಉಳಿದ ನಾಲ್ಕು ದಿನ ಲೋಟದಲ್ಲಿ ಮೆಲ್ಲಗೆ ಸ್ವಲ್ಪ ಸ್ವಲ್ಪ ತೆಗೆದು, ಪ್ರತಿ ಲೋಟವನ್ನೂ ಬೆಳಕಿಗೆ ಹಿಡಿದು ಮರಿ ಇಲ್ಲವೆಂದು ನೋಡಿ, ಸುಮ್ಮನಬಾವಿಯ ನೀರು ಹನಿಹನಿಯಾಗಿ ಹಾಕಿದೆ. ಬೀಜವನ್ನು ಎಷ್ಟು ಬಿಗಿ ಕಚ್ಚಿದೆನೆಂದರೆ ಈ ಹಲ್ಲು ನೋಡಿ, ತುದಿ ಮುರಿದದ್ದು ಅವಾಗಲೇ. ಆದರೂ ನನ್ನ ಮಾತಿನ ಬಹುಪಾಲು ತೊಟ್ಟಿಯಲ್ಲೇ ಇತ್ತು.

ಹನ್ನೆರಡನೇ ದಿನ ಟೀಚರು ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರು. ಮನೆಯೊಳಗೆ ಬಂದವರೇ ಗಾಜಿಗೆ ಮೂಗು ತಾಗಿಸಿ ನಿಂತರು. ಬಾಗಿಲ ಹತ್ತಿರದಿಂದ ಹನೀಫಣ್ಣ ಇಣುಕುತ್ತಿದ್ದ, ಪೆಟ್ಟಿಗೆ ಇಳಿಸುವ ನೆಪ.

"ಮರಿ ಇದಾವೆ ಟೀಚರ್," ಎಂದೆ, "ಮೀನು ಮಾತ್ರ ಕಪ್ಪಾಗಿವೆ. ತಪ್ಪು ನನ್ನದು."

"ಇಪ್ಪತ್ಮೂರನೇ ನಿಯಮ ಏನು?"

ನಾನು ಬರೀ ಹನ್ನೊಂದರವರೆಗೆ ಓದಿದ್ದೆ.

"ಮರಿ ಈಜೋಕೆ ಶುರು ಮಾಡಿದಾಗ ಅಪ್ಪ ಅಮ್ಮ ಕಪ್ಪಾಗ್ತವೆ, ಗಾಬರಿ ಬೇಡ. ಮರಿಗೆ ದಾರಿ ಕಾಣ್ಲಿ ಅಂತ ಕಪ್ಪಾಗೋದು. ಎರಡು ಗೆರೆ ಹಾಕಿ ಬರ್ದಿದ್ದೆ." ಹೀಗೆ ಹೇಳುತ್ತ ಕೈಯ ಬಳೆ ಹಿಂದಕ್ಕೆ ಸರಿಸಿ, ನಾನು ಬೇಡ ಎನ್ನುವುದರೊಳಗೆ ಕೈ ತೊಟ್ಟಿಗೆ ಇಳಿಸಿಬಿಟ್ಟರು.

ಮೊಣಕೈವರೆಗೆ ಇಳಿಸಿದ ಕೈ ಅಲ್ಲೇ ನಿಂತಿತು. ನಾನು ಗೋಡೆಯ ಕ್ಯಾಲೆಂಡರ್ ಓದಿದೆ. ಅಮಾವಾಸ್ಯೆ, ಹುಣ್ಣಿಮೆ, ಎಲ್ಲಾ ರಜೆಗಳನ್ನೂ ಓದಿದೆ. ಹನೀಫಣ್ಣ ಮೂರು ಸಲ ಪೆಟ್ಟಿಗೆ ಎತ್ತಿ ಇಳಿಸಿದ. ಮರಿಗಳು ಅಪ್ಪನ ಮೈ ಬಿಟ್ಟು ಬಂದು ಟೀಚರ ಬೆರಳುಗಳನ್ನು ಒಂದು ಸುತ್ತು ಹಾಕಿ, ರುಚಿ ಹಿಡಿಸದೆ ವಾಪಸ್ಸು ಹೋದವು.

ಟೀಚರು ಕೈ ತೆಗೆದು ಸೆರಗಿಗೆ ಒರೆಸಿಕೊಂಡರು.

"ಏಳಲ್ಲ, ಆರು" ಎಂದರು.

"ಏನು ಟೀಚರ್?"

"ಮೊಟ್ಟೆ ಹಾಳಾಗಿದ್ದು ಆರೇ ಸಲ. ಲೆಕ್ಕ ಸರಿಯಾಗಿ ಹೇಳ್ಬೇಕು. ಮತ್ತೆ ಆ ಆರೂ ನಿಮ್ಮಿಂದ ಅಲ್ಲ. ಎಷ್ಟೋ ಜೋಡಿ ಮೊದಮೊದಲು ತಿನ್ನೋದೇ, ಅವಕ್ಕೆ ಬುದ್ಧಿ ಬರೋಕೆ ಇಷ್ಟು ಟೈಮ್ ಬೇಕಾಯ್ತು. ನಿಮ್ಮ ನೀರು ಒಂದು ಹನಿನೂ ನಾನು ತೊಟ್ಟಿಗೆ ಹಾಕಿಲ್ಲ. ತೊಟ್ಟಿಗೆ ಬೇಕಾದ್ದನ್ನ ಆರು ಗಂಟೆಗೇ ಹೋಗಿ ನಾನೇ ತಂದುಬಿಡ್ತಿದ್ದೆ."

"ಮತ್ತೆ ನಾನು ತಂದಿದ್ದು?"

"ಕರಿಬೇವಿಗೆ."

"ಆರು ವರ್ಷ?"

"ಆರು ವರ್ಷ."

ಬಾಗಿಲ ಹತ್ತಿರ ಹನೀಫಣ್ಣ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. "ಇದು ಊರಿಗೆಲ್ಲ ಗೊತ್ತಿತ್ತಲ್ಲೋ ತಿಪ್ಪೇಶಿ," ಎಂದ, "ನಿನಗ್ಯಾರೂ ಹೇಳಿಲ್ವಾ? ಓ, ನೀನು ಯಾರಿಗೂ ಬಾಯಿ ತೆರೆಯೋಕೆ ಬಿಟ್ರೆ ತಾನೆ ಹೇಳೋದು."

"ಹಾಗಾದ್ರೆ ತರಿಸಿದ್ದು ಯಾಕೆ ಟೀಚರ್?" ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. "ಮುನ್ನೂರು ಹೆಜ್ಜೆ, ತುಂಬಿದ ಬಿಂದಿಗೆ. ಹೆಗಲು ನೋಡಿ ಹೆಂಗಾಗಿದೆ."

ಟೀಚರು ಕಪ್ಪು ಕನ್ನಡಕ ತೆಗೆದರು. ತೆಗೆಯಬಾರದೆಂದು ಡಾಕ್ಟರು ಹೇಳಿದ್ದರಂತೆ. "ನೀವು ಹೋದ್ಮೇಲೆ ಬಾಗಿಲು ಹಾಕ್ಕೊಂಡು ಎರಡೂ ಕೈ ಅದ್ದಿ ಕೂರ್ತಿದ್ದೆ. ಶಾಲೆಗೆ ಹೊತ್ತಾಗೋವರೆಗೂ. ಮುಚ್ಚಳ ಹಾಕ್ಬೇಡಿ ಅಂದಿದ್ದು ಮತ್ಯಾಕೆ ಅಂದ್ಕೊಂಡ್ರಿ? ಮೀನಿಗೇನ್ರಿ ಮುಚ್ಚಳ!"

ನಾನು ಮತ್ತೆ ಕ್ಯಾಲೆಂಡರ್ ಕಡೆ ತಿರುಗಿದೆ. ಓದಲು ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ.

ಆಮೇಲೆ ಅವರು ಡಬ್ಬಿಯ ಕೆಳಗಿನ ಅರ್ಜಿಯನ್ನು ಎಳೆದು, ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ, ಎಂಟಾಗಿ ಮಡಚಿ, ಬಗ್ಗಿ ಟೇಬಲ್ಲಿನ ಗಿಡ್ಡ ಕಾಲಿನ ಅಡಿಗೆ ತುರುಕಿದರು. ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. "ನಾಳೆ ಸ್ಕ್ರೂಡ್ರೈವರ್ ತನ್ನಿ ಇಲ್ಲಿ. ಹೀಟರಿನ ಸ್ಕ್ರೂ ನಾನೇ ಹಾಕ್ತೀನಿ" ಎಂದರು. ಅರ್ಜಿ ಈಗಲೂ ಅಲ್ಲೇ ಇದೆ. ಎಂಬತ್ತಮೂರು ಮರಿ ದೊಡ್ಡವಾದವು, ತೊಟ್ಟಿ ಒಂದು ಇದ್ದದ್ದು ಎರಡಾಯಿತು, ಒಂದರ ಮೇಲೊಂದು. ಈ ನಡುಗೋಡೆಯಲ್ಲಿ ಬಾಗಿಲು ಕಾಣುತ್ತಿದೆಯಲ್ಲ, ಅದು ಯುಗಾದಿಗೆ ಇಟ್ಟದ್ದು. ಹನೀಫಣ್ಣ ಅವತ್ತು ಇಡೀ ಬೀದಿಗೆ ಚಹಾ ಕೊಟ್ಟ. ಟೀಚರು ಈಗಲೂ ಎದುರು ಕೂತು ಮಾತಾಡುವುದು ಕಡಿಮೆಯೇ. ಹೇಳಬೇಕಾದದ್ದನ್ನು ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮೇಲಿನ ತೊಟ್ಟಿಗೆ ಹೇಳಿ ಹೋಗುತ್ತಾರೆ, ನಾನು ಹುಳ ಹಾಕುವಾಗ ಕೈ ಅದ್ದಿ ಕೇಳಿಕೊಳ್ಳುತ್ತೇನೆ. ಹಾಗಾಗಿ ಮೇಲಿನ ತೊಟ್ಟಿಯ ಮೀನುಗಳ ಬಣ್ಣವೇ ಬೇರೆ. ಕತ್ತಲೆಯಲ್ಲಿ ಅವುಗಳ ಬೆಳಕಿಗೆ ಟೀಚರು ಪರೀಕ್ಷೆ ಪೇಪರು ತಿದ್ದುತ್ತಾರೆ. ಅದರಲ್ಲಿ ಒಂದು ಮೀನು ಮಗ್ಗಿ ತಪ್ಪಾದರೆ ಬಾಲ ಬಡಿದು...

ಅರೆ, ಎಲ್ಲಿಗೆ ಎದ್ದಿರಿ? ಬೀದಿ ಬಾಗಿಲು ಈ ಕಡೆ. ಅದು ತೊಟ್ಟಿಯ ಕೋಣೆ. ಓಹೋ, ಕೈ ಅದ್ದಿ ನೋಡುತ್ತೀರಾ, ನಿಜವೋ ಸುಳ್ಳೋ ಎಂದು? ನೋಡಿ, ಧಾರಾಳವಾಗಿ ನೋಡಿ. ಷರ್ಟಿನ ತೋಳು ಮಡಚಿಕೊಳ್ಳಿ, ಬಾಗಿಲು ಬಡಿಯಬೇಡಿ. ಒಂದೇ ಒಂದು ಮಾತು, ನಿಲ್ಲಿ, ಕೆಳಗಿನ ತೊಟ್ಟಿಗೆ ಅದ್ದಿ, ಮೇಲಿನದಕ್ಕೆ ಬೇಡ, ಮೇಲಿನದರಲ್ಲಿ ಇವತ್ತು ಬೆಳಿಗ್ಗೆ ಅವರು ನನಗೆ...